ತಾತನ ಕಾರ್ಡು ಮತ್ತು ಬಿದ್ದುಹೋದ ಒತ್ತಕ್ಷರ

ಹೋದ ತಿಂಗಳು ನಮ್ಮ ತಾತ ತೀರಿಕೊಂಡರು. ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಮನೆಗೆ ಬಂದ ಮದುವೆ ಕಾಗದವನ್ನೂ ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದರು :) ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸೋ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರಿನವನು ಅಂದಮೇಲೆ ಕಂಪ್ಯೂಟರ್ ಕೆಲಸವೆಲ್ಲ ನನ್ನದೇ ತಾನೆ!

ವಿಜಯನಗರದ ಒಂದು ಪ್ರೆಸ್ಸಿಗೆ ಮೊಬೈಲಿನಲ್ಲೇ ಟೈಪಿಸಿ ಒಕ್ಕಣೆ ಕಳಿಸಿದೆ. ಸಂಜೆ ಪ್ರೂಫ್ ಬಂತು. ತಾತನ ಫೋಟೋ ಕೆಳಗೆ 'ಶ್ರದ್ಧಾಂಜಲಿ' ಹೋಗಿ 'ಶ್‌ರದ್‌ಧಾಂಜಲಿ' ಆಗಿತ್ತು. "ಯಾರೂ ಅಷ್ಟೆಲ್ಲ ನೋಡಲ್ಲ ಬಿಡಿ ಸಾರ್" ಅಂದರು. ನೋಡುತ್ತಿದ್ದವರು ಫೋಟೋದಲ್ಲಿದ್ದರು.

ತಪ್ಪು ಯಾಕಾಯ್ತು ಅಂದ್ರೆ, ಯೂನಿಕೋಡಿನಲ್ಲಿ 'ದ್ಧಾ' ಅನ್ನೋದು ದ, ಹಲಂತ, ಧ, ದೀರ್ಘ ಹೀಗೆ ನಾಲ್ಕು ಸಂಕೇತ. ಸೇರಿಸಿ ಒತ್ತು ಕೊಡೋದು ಫಾಂಟು ಮತ್ತು ತಂತ್ರಾಂಶದ ಕೆಲಸ. ಪೇಜ್‌ಮೇಕರಿನಂಥ ಹಳೇ ತಂತ್ರಾಂಶಗಳಿಗೆ ಇದು ಬರಲ್ಲ. ಹಾಗಾಗಿ ಎಷ್ಟೋ ಪ್ರೆಸ್ಸುಗಳಲ್ಲಿ ಇನ್ನೂ ನುಡಿ, ಬರಹದ ಹಳೇ ಆಸ್ಕಿ ಫಾಂಟುಗಳೇ ನಡೀತಿವೆ.

ರಾತ್ರಿ ಹಠ ಹಿಡಿದು, ಬ್ರೌಸರಿನಲ್ಲೇ ಓಡುವ ಒಂದು ಡಿಸೈನ್ ಟೂಲ್ ಕಲಿಯೋಕೆ ಕೂತೆ. ಚಿತ್ರ ಕೂರಿಸೋದು, ಬಣ್ಣ ಬದಲಿಸೋದು ಅರ್ಧ ಗಂಟೆಯಲ್ಲಿ ಬಂತು. ಕನ್ನಡ ಕೂರಿಸೋಷ್ಟರಲ್ಲಿ ರಾತ್ರಿ ಎರಡು ಗಂಟೆ! ಚೆಂದದ ಟೆಂಪ್ಲೇಟುಗಳೆಲ್ಲ ಇಂಗ್ಲಿಷಿನ ಅಳತೆಗೆ ಹೊಲಿದವು. ಅದರಲ್ಲಿ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತೆ. ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಇನ್ಯಾವುದೋ ಬಂದು ಕೂರುತ್ತೆ.

ಕೊನೆಗೆ ಟೆಂಪ್ಲೇಟು ಬಿಟ್ಟು ಖಾಲಿ ಹಾಳೆ ತಗೊಂಡೆ. ಮೊದಲು ನೋಟೋ ಸೆರಿಫ್ ಕನ್ನಡ ಆರಿಸಿದೆ. ಅಕ್ಷರಗಳ ಅಂತರ ಸೊನ್ನೆ, ಸಾಲುಗಳ ಅಂತರ ಜಾಸ್ತಿ. ಪಿಡಿಎಫ್ ಮಾಡಿ ಕೊಟ್ಟೆ. ಅಕ್ಷರದ ರೂಪವೂ ಅದರೊಳಗೇ ಹೋಗೋದರಿಂದ, ತಿದ್ದೋಕೆ ಹೋಗದೆ ಹಾಗೇ ಮುದ್ರಿಸಿದರೆ ಒತ್ತು ಬೀಳಲ್ಲ.

'ಕನ್ನಡದಲ್ಲಿ ಒಳ್ಳೇ ಫಾಂಟ್ ಎಲ್ಲಿದೆ' ಅನ್ನೋ ನೆಪ ಇನ್ನು ನಡೆಯಲ್ಲ ಅನ್ನೋದು ನನ್ನ ಅಭಿಪ್ರಾಯ. ಯೂನಿಕೋಡಿಗೆ ಕನ್ನಡ ಬಂದದ್ದು 1991ರಲ್ಲಿ. ಬಲೂ ತಮ್ಮ, 2022ರಲ್ಲಿ ಬಂದ ಅನೇಕ್ ಕನ್ನಡ, ಟೈರೋ ಕನ್ನಡ ಎಲ್ಲಾ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ನಮಗಿಲ್ಲದ್ದು ಅಭ್ಯಾಸ. ಇಂಗ್ಲಿಷಿನಲ್ಲಿ ಡಿಸೈನ್ ಮುಗಿಸಿ, ಕೊನೆಗೆ ಕನ್ನಡ ತುರುಕುತ್ತೇವೆ. ನವೆಂಬರಿನಲ್ಲಿ ರಾಜಾಜಿನಗರ, ಬಸವೇಶ್ವರನಗರದ ಕಡೆ ರಾಜ್ಯೋತ್ಸವದ ಬ್ಯಾನರುಗಳನ್ನೇ ಒಮ್ಮೆ ಓದಿ ನೋಡಿ. ಕನ್ನಡಾಭಿಮಾನ ದಪ್ಪಕ್ಷರದಲ್ಲಿರುತ್ತೆ, ಒತ್ತು ಮಾತ್ರ ಬಿದ್ದಿರುತ್ತೆ.

ಕಾರ್ಡು ಬಂದಾಗ ಅಜ್ಜಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, "ತಪ್ಪಿಲ್ಲ ಅಲ್ವೇನೋ?" ಅಂದರು. "ಇಲ್ಲ ಅಜ್ಜಿ" ಅಂದೆ.

ನೀವೂ ಕನ್ನಡದಿಂದಲೇ ಶುರುಮಾಡಿದ ಡಿಸೈನ್‌ಗಳಿದ್ದರೆ ಹಂಚಿಕೊಳ್ಳಿ. ಮುಂದಿನವರಿಗಾದರೂ ರಾತ್ರಿ ನಿದ್ದೆ ಉಳಿಯಲಿ!