ಬ್ರೇಕ್ ಆಯಿಲ್ ಎಣ್ಣೆಯಲ್ಲ

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ಹಳೆಯ ಪಿಕಪ್ ಗಾಡಿಯ ಬ್ರೇಕನ್ನು ರೈತನೇ ರಿಪೇರಿ ಮಾಡಿಕೊಳ್ಳುವ ವಿಷಯ ಬರೆಯುತ್ತೇನೆಂದೆ. ಅವರು ನಕ್ಕರು. ನಾನು ನಗದಿರುವುದನ್ನು ಕಂಡು, "ಮೇಷ್ಟ್ರೇ, ಇದು ಸಾಹಿತ್ಯ ಸಮ್ಮೇಳನ" ಎಂದು ಮೆಲ್ಲಗೆ ನೆನಪಿಸಿದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕನ್ನಡದ ಪ್ರಾಚೀನತೆಯ ಬಗ್ಗೆ, ಗಡಿನಾಡಿನ ಅಳಲಿನ ಬಗ್ಗೆ ಎಷ್ಟು ಪುಟ ಬೇಕಾದರೂ ಬರೆಯಬಹುದು. ಗಡಿನಾಡಿನ ಕನ್ನಡಿಗ ವಾರಕ್ಕೆ ಮೂರು ಸಲ ಜೀವ ಕೈಯಲ್ಲಿ ಹಿಡಿದು ಇಳಿಯುವ ಘಾಟಿಯ ಬಗ್ಗೆ, ಅವನ ಕಾಲಡಿಯ ಪೆಡಲಿನ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಅದು ಸಾಹಿತ್ಯಕ್ಕೆ ಹೊರಗಾಗುತ್ತದೆ. ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ಸ್ವಂತ ಕಾರಣವೂ ಇದೆ.

ಗೆಟ್ಟವಾಡಿಯನ್ನು ನೋಡದ ಓದುಗರಿಗಾಗಿ ಸ್ವಲ್ಪ ಹೇಳಬೇಕು. ತಾಳವಾಡಿ ಸೀಮೆ ಬೆಟ್ಟದ ಮೇಲಿನ ಬಯಲು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಮದರಾಸು ರಾಜ್ಯದಲ್ಲಿಯೇ ಉಳಿದೆವು. ಆಗ ಕೊಯಮತ್ತೂರು ಜಿಲ್ಲೆ, 1979ರಿಂದ ಈರೋಡು ಜಿಲ್ಲೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಚಾಮರಾಜನಗರದ ಕಡೆಗೆ ಹೋಗುವ ದಾರಿ ಹೆಚ್ಚು ಕಡಿಮೆ ಸಮತಟ್ಟು. ಆದರೆ ನಮ್ಮ ತಾಲ್ಲೂಕಿನವರು ಜಿಲ್ಲಾ ಕೇಂದ್ರಕ್ಕೆ, ಸತ್ಯಮಂಗಲದ ಪೇಟೆಗೆ, ಮೇಟ್ಟುಪಾಳ್ಯದ ತರಕಾರಿ ಮಂಡಿಗೆ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂನಿಂದ ಬಣ್ಣಾರಿಗೆ ಇಳಿಯಬೇಕು. ಆ ಇಳಿತದಲ್ಲಿ 27 ಕಡಿದಾದ ತಿರುವುಗಳಿವೆ. ಎರಡೂ ಕಡೆ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ಕೋಸು, ಟೊಮೆಟೊ, ಅರಿಸಿನ, ಬಾಳೆ ಎಲ್ಲವೂ ಈ ದಾರಿಯಲ್ಲೇ ಇಳಿಯುತ್ತವೆ. ಹೊರುವವು ಬಹುಪಾಲು ಪಿಕಪ್‌ಗಳು. ಅವುಗಳಲ್ಲಿ ಅನೇಕವು ಎರಡನೆಯ, ಮೂರನೆಯ ಕೈಯವು.

ಇಳಿಯುವುದೆಂದರೆ ಏನೆಂಬುದನ್ನು ಲೆಕ್ಕದಲ್ಲಿ ಹೇಳುತ್ತೇನೆ. ಮೇಷ್ಟ್ರ ಅಭ್ಯಾಸ, ಓದುಗರು ಕ್ಷಮಿಸಬೇಕು. ಹೊರೆಯೂ ಸೇರಿ 3 ಟನ್ ತೂಗುವ ಗಾಡಿ 100 ಮೀಟರ್ ಎತ್ತರವನ್ನು ಒಂದೇ ವೇಗದಲ್ಲಿ ಇಳಿದರೆ ಅದು ಕಳೆದುಕೊಳ್ಳುವ ಶಕ್ತಿ, 10 ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಶಾಖ. ಇಂಜಿನ್ನಿನ ತಡೆಯನ್ನು ಬಳಸದೆ ಇಳಿದರೆ ಆ ಶಾಖದ ಬಹುಭಾಗವನ್ನು ಹೀರಿಕೊಳ್ಳಬೇಕಾದದ್ದು ನಾಲ್ಕು ಚಕ್ರಗಳೊಳಗಿನ ಕಬ್ಬಿಣ ಮತ್ತು ಲೈನಿಂಗ್. ಇಡೀ ಘಾಟಿಗೆ ಎಷ್ಟು ಹಂಡೆ ನೀರು ಕುದಿಯುತ್ತದೆಂಬುದನ್ನು ಓದುಗರೇ ಗುಣಿಸಿಕೊಳ್ಳಲಿ.

ನನ್ನ ಸ್ವಂತ ಕಾರಣ ಇದು. ನನ್ನದು 2009ರ ಮಾದರಿಯ ಪಿಕಪ್. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಬ್ರೇಕ್ ಡಬ್ಬಿಯಲ್ಲಿ ಮಟ್ಟ ಕೆಳಗಿಳಿದಿರುವುದು ಕಂಡಿತು. ಬೆಳಗಿನ ಜಾವ ಕೋಸು ತುಂಬಬೇಕಾಗಿತ್ತು. ಮನೆಯಲ್ಲಿ ಬ್ರೇಕ್ ಆಯಿಲ್ ಇರಲಿಲ್ಲ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಇತ್ತು. ಅದೂ ಆಯಿಲ್, ಇದೂ ಆಯಿಲ್. ಅದೂ ಒತ್ತಡದಲ್ಲಿ ಕೆಲಸ ಮಾಡುವುದು, ಇದೂ ಒತ್ತಡದಲ್ಲಿ ಕೆಲಸ ಮಾಡುವುದು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ಮನುಷ್ಯ ನಾನು, ಇಷ್ಟು ತರ್ಕ ಮಾಡಿ ಸುರಿದೆ. ಅಂದು ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಐದನೆಯ ದಿನ ಘಾಟಿಯ ನಡುಭಾಗದಲ್ಲಿ ಗಾಡಿ ತಾನಾಗಿಯೇ ತಡೆದಂತಾಗತೊಡಗಿತು. ಕಾಲು ತೆಗೆದರೂ ಬ್ರೇಕ್ ಬಿಡಲಿಲ್ಲ. ಸುಟ್ಟ ವಾಸನೆ ಬಂತು. ನಿಲ್ಲಿಸಲು ಜಾಗ ಹುಡುಕುತ್ತ ಇನ್ನೊಂದು ತಿರುವು ಇಳಿಯುವಷ್ಟರಲ್ಲಿ ಪೆಡಲು ಪಾದದ ಕೆಳಗೆ ಹತ್ತಿಯಂತೆ ಮೆತ್ತಗಾಗಿ ನೆಲ ಮುಟ್ಟಿತು. ಮೊದಲನೆಯ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಕಣಿವೆಯ ಕಡೆ ಬಿಟ್ಟು ಬೆಟ್ಟದ ಕಡೆಗೆ ಗಾಡಿಯನ್ನು ಒರಗಿಸಿದೆ. ಪಕ್ಕದಲ್ಲಿ ಕುಳಿತಿದ್ದ ಅಕ್ಕನ ಮಗನ ಭುಜದ ಎಲುಬು ಮುರಿಯಿತು. ಇಂದಿಗೂ ಅವನು ಮೂಟೆ ಹೊರುವಾಗ ಎಡ ಹೆಗಲನ್ನೇ ಕೊಡುತ್ತಾನೆ. ಅಕ್ಕ ನನ್ನನ್ನು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು.

ಆಮೇಲೆ ಗಾಡಿಯನ್ನು ಬಿಚ್ಚಿದ ಹಿರಿಯ ಮೆಕ್ಯಾನಿಕ್, ಮಾಸ್ಟರ್ ಸಿಲಿಂಡರಿನ ರಬ್ಬರ್ ಬಟ್ಟಲನ್ನು ನನ್ನ ಅಂಗೈಯಲ್ಲಿ ಇಟ್ಟರು. ಅದು ಮಳೆಯಲ್ಲಿ ನೆನೆದ ಅಣಬೆಯಂತೆ ಊದಿಕೊಂಡಿತ್ತು. "ಯಾರು ಸ್ವಾಮಿ ಎಣ್ಣೆ ಹಾಕಿದೋರು?" ಎಂದರು. "ಬ್ರೇಕ್ ಆಯಿಲ್ ಅಂತಾರಲ್ಲ" ಎಂದೆ. "ಅನ್ನೋದು ಆಯಿಲ್. ಅದು ಎಣ್ಣೆ ಅಲ್ಲ" ಎಂದರು.

ಈ ಒಂದು ವಾಕ್ಯವನ್ನು ನನಗೆ ಮೊದಲೇ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ! ಬ್ರೇಕಿನ ದ್ರವ ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದು. ನೀರಿನೊಡನೆ ಬೆರೆಯುತ್ತದೆ, ಎಣ್ಣೆಯೊಡನೆ ಬೆರೆಯುವುದಿಲ್ಲ. ಬ್ರೇಕಿನ ರಬ್ಬರುಗಳು ಆ ದ್ರವಕ್ಕೆಂದೇ ಮಾಡಿದವು. ಖನಿಜ ತೈಲ ತಗುಲಿದರೆ ಅವು ಊದುತ್ತವೆ, ಊದಿದ ಬಟ್ಟಲು ದ್ರವ ಹಿಂದಿರುಗುವ ಸಣ್ಣ ರಂಧ್ರವನ್ನು ಮುಚ್ಚುತ್ತದೆ, ಒತ್ತಡ ಇಳಿಯದೆ ಶೂಗಳು ಕಚ್ಚಿಕೊಂಡೇ ಇರುತ್ತವೆ, ಶಾಖ ಏರುತ್ತದೆ, ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗದು, ಆವಿ ಕುಗ್ಗುತ್ತದೆ. ನನ್ನ ಪೆಡಲು ಹತ್ತಿಯಾದದ್ದು ಹೀಗೆ. ಒಂದು ತಪ್ಪು ಹೆಸರು ಒಂದು ಗಾಡಿಯನ್ನು ಬೆಟ್ಟಕ್ಕೆ ಗುದ್ದಿಸಿತು. ಪದಗಳ ಬಗ್ಗೆ ಇಷ್ಟೊಂದು ಗೋಷ್ಠಿ ನಡೆಸುವ ನಮಗೆ ಇದು ಭಾಷೆಯ ಪ್ರಶ್ನೆಯಾಗಿ ಏಕೆ ಕಾಣುವುದಿಲ್ಲ? ಬ್ರೇಕಿಗೆ ಅಚ್ಚಗನ್ನಡದ ಪದ ಹುಡುಕಬೇಕೆಂದು ವಾದಿಸುವ ಮಿತ್ರರಿದ್ದಾರೆ. ಬ್ರೇಕ್ ಬ್ರೇಕಾಗಿಯೇ ಇರಲಿ, ಅದು ನಮ್ಮ ಅಜ್ಜಿಯರ ಬಾಯಲ್ಲೂ ಕನ್ನಡವಾಗಿದೆ. ತಿದ್ದಬೇಕಾದದ್ದು ಆಯಿಲ್ ಎಂಬ ಪದ. ‘ಬ್ರೇಕ್ ದ್ರವ’ ಎನ್ನಿ, ‘ಬ್ರೇಕ್ ನೀರು’ ಎಂದರೂ ಅಡ್ಡಿಯಿಲ್ಲ. ಎಣ್ಣೆಯೆಂಬ ಭ್ರಮೆ ಹುಟ್ಟದಿದ್ದರೆ ಸಾಕು.

ಈಗ ಎರಡು ಪಕ್ಷದವರೊಡನೆ ನನಗೆ ಜಗಳವಿದೆ.

ಮೊದಲನೆಯವರು, "ಬ್ರೇಕಿಗೆ ಮಾತ್ರ ಕೈಹಾಕಬೇಡಿ, ಸರ್ವಿಸ್ ಸೆಂಟರಿಗೆ ಕೊಂಡೊಯ್ಯಿರಿ" ಎನ್ನುವ ಸುಶಿಕ್ಷಿತರು. ನಗರದಲ್ಲಿ ಅದು ಒಳ್ಳೆಯ ಮಾತು. ಇಲ್ಲಿ ಅದರ ಅರ್ಥವನ್ನು ಬಿಡಿಸಿ ನೋಡಿ: ಬ್ರೇಕ್ ಕೆಟ್ಟಿದೆ, ಆದ್ದರಿಂದ 27 ತಿರುವು ಇಳಿದು ಹೋಗಿ ಸರಿಮಾಡಿಸಿಕೊಂಡು ಬನ್ನಿ! 8 ವರ್ಷ ದಾಟಿದ ಸರಕು ವಾಹನ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಪಡೆಯಬೇಕು. ಅದಕ್ಕೂ ನಾವು ಘಾಟಿ ಇಳಿಯುತ್ತೇವೆ. ಇನ್‌ಸ್ಪೆಕ್ಟರು ಕೆಳಗೆ ಸಮತಟ್ಟಾದ ನೆಲದ ಮೇಲೆ ಬ್ರೇಕ್ ಪರೀಕ್ಷಿಸುತ್ತಾರೆ. ಪರೀಕ್ಷೆ ಆಗಲೇ ಮುಗಿದಿರುತ್ತದೆ, ಬಣ್ಣಾರಿಯಲ್ಲಿ. ಚಾಮರಾಜನಗರದ ಕಡೆ ಹೋಗಬಹುದೆಂಬುದು ನಿಜ, ಅನೇಕರು ಹೋಗುತ್ತಾರೆ. ಆದರೆ ಬೆಳಗಿನ ಐದು ಗಂಟೆಗೆ, ಟೊಮೆಟೊ ತುಂಬಿದ ಗಾಡಿಯ ಹಿಂದಿನ ಚಕ್ರದ ಒಳಮೈಯಲ್ಲಿ ತೇವ ಕಂಡಾಗ, ಅದು ಕೆಸರೋ ಸಿಲಿಂಡರಿನ ಸೋರಿಕೆಯೋ ಎಂಬುದನ್ನು ತೀರ್ಮಾನಿಸಬೇಕಾದವನು ಅಲ್ಲಿ ನಿಂತಿರುವ ರೈತ. ಅವನಿಗೆ ತಿಳಿಯದಿದ್ದರೆ ಅವನು ಹೊರಡುತ್ತಾನೆ. ತಿಳಿದಿದ್ದರೆ ಟೊಮೆಟೊ ಕೊಳೆತರೂ ನಿಲ್ಲುತ್ತಾನೆ. ಕೈಹಾಕಬೇಡಿ ಎಂಬ ಉಪದೇಶ ಕೈಯನ್ನಷ್ಟೇ ತಡೆಯುವುದಿಲ್ಲ, ಕಣ್ಣನ್ನೂ ಮುಚ್ಚಿಸುತ್ತದೆ. ವರ್ಕ್‌ಶಾಪಿಗೆ ಕೊಟ್ಟವನು ಕೂಡ, ಹಾಕಿದ ರಬ್ಬರ್ ಹೊಸತೋ ಹಳೆಯದೋ ಎಂದು ಕೇಳಲು ಬಲ್ಲವನಾಗಿರಬೇಡವೇ?

ಎರಡನೆಯವರು ನಮ್ಮವರೇ. ಎಲ್ಲವೂ ತಮಗೆ ಗೊತ್ತೆನ್ನುವವರು. ಸಿಲಿಂಡರನ್ನು ಡೀಸೆಲ್ಲಿನಲ್ಲಿ ತೊಳೆಯುವವರು, ದ್ರವ ಕಡಿಮೆಯಾದಾಗ ಸೋಪಿನ ನೀರು ಸುರಿಯುವವರು, ಸೋರುವ ಚಕ್ರದ ಪೈಪನ್ನು ಚಪ್ಪಟೆ ಬಡಿದು ಮೂರು ಚಕ್ರದ ಬ್ರೇಕಿನಲ್ಲಿ ತಿಂಗಳುಗಟ್ಟಲೆ ಓಡಿಸಿ, ಅದನ್ನು ಟೀ ಅಂಗಡಿಯಲ್ಲಿ ಹೇಳಿಕೊಳ್ಳುವವರು. ಡೀಸೆಲ್ ಉಳಿಯಿತೆಂದು ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಸುವ ಮಹಾನುಭಾವರು. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಜಿನ್ನಿಗೆ ಡೀಸೆಲ್ ಹೋಗುವುದೇ ಅತ್ಯಲ್ಪ, ಉಳಿಸುವುದು ಏನನ್ನು? ಇನ್ನು ಇಂಜಿನ್ನನ್ನೇ ಆರಿಸಿ ಇಳಿಯುವವನ ಬೂಸ್ಟರು ನಾಲ್ಕಾರು ತುಳಿತಕ್ಕೆ ಬರಿದಾಗುತ್ತದೆ, ಆಮೇಲೆ ಪೆಡಲು ಕಲ್ಲು. ಬ್ರೇಕ್ ಒಂದೂವರೆ ಟನ್ ಹೊರೆಗೆ ಮಾಡಿದ್ದು, ನಾವು ಹೇರುವುದು ಎರಡೂವರೆ. ಆಮೇಲೆ ಲೈನಿಂಗನ್ನು ಬೈಯುತ್ತೇವೆ. ಇದನ್ನು ಸ್ವಾವಲಂಬನೆ ಎನ್ನಬಾರದು. ನಮ್ಮ ಹಿರಿಯರು ಎತ್ತಿನ ಗಾಡಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದರು, ನಿಜ. ಆದರೆ ಕಡಾಣಿಯನ್ನು ಮುಟ್ಟಿ ನೋಡದೆ ಗಾಡಿ ಹೂಡುತ್ತಿರಲಿಲ್ಲ, ಅಚ್ಚು ಸೀಳಿದರೆ ಬಡಗಿಯನ್ನೇ ಕರೆಯುತ್ತಿದ್ದರು. ತನ್ನಿಂದ ಆಗುವುದು ಎಲ್ಲಿಗೆ ಮುಗಿಯುತ್ತದೆಂಬುದು ಅವರಿಗೆ ಗೊತ್ತಿತ್ತು.

ನನ್ನಿಂದ ಆಗುವುದು ಎಲ್ಲಿಗೆ ಮುಗಿಯುತ್ತದೆಂಬುದನ್ನು ಈಗ ನಾನೂ ಕಲಿತಿದ್ದೇನೆ. ಅದೇ ಹಿರಿಯ ಮೆಕ್ಯಾನಿಕ್ಕರ ಪಕ್ಕದಲ್ಲಿ ಒಂದು ಬೇಸಗೆ ಕುಳಿತು ಕಲಿತೆ. ಶೂ ಬದಲಾಯಿಸುತ್ತೇನೆ, ಒಂದು ಬದಿಗೆ ಹಾಕಿದರೆ ಇನ್ನೊಂದು ಬದಿಗೂ ಹಾಕುತ್ತೇನೆ, ಇಲ್ಲವಾದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಜಾಕಿಯನ್ನು ನಂಬಿ ಗಾಡಿಯ ಕೆಳಗೆ ತಲೆ ಇಡುವುದಿಲ್ಲ. ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಡುತ್ತೇನೆ. ಡ್ರಮ್ಮಿನ ಧೂಳನ್ನು ಬಾಯಿಂದ ಊದುವುದಿಲ್ಲ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸುತ್ತೇನೆ. ಏಕೆಂದರೆ ಅದು ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಡುವಿನ 65 ಡಿಗ್ರಿಯಲ್ಲಿಯೇ ನಮ್ಮ ಘಾಟಿ ಇದೆ.

ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ನನ್ನ ಹೆಂಡತಿ ಪೆಡಲಿನ ಮೇಲೆ, ನಾನು ಚಕ್ರದ ಬಳಿ, ಕೈಯಲ್ಲಿ ಸ್ಪ್ಯಾನರು, ನಿಪ್ಪಲಿನಿಂದ ಬಾಟಲಿಗೆ ಇಳಿದ ಕೊಳವೆ. "ತುಳಿ" ಎನ್ನುತ್ತೇನೆ, "ಹಿಡ್ಕೊ" ಎನ್ನುತ್ತೇನೆ, ನಿಪ್ಪಲು ಸಡಿಲಿಸುತ್ತೇನೆ, ಗುಳ್ಳೆ ಬರುತ್ತದೆ, ಬಿಗಿ ಮಾಡುತ್ತೇನೆ, "ಬಿಡು" ಎನ್ನುತ್ತೇನೆ. ಈ ಮೂರು ಪದಗಳ ಕ್ರಮ ತಪ್ಪಿದರೆ, ಬಿಗಿ ಮಾಡುವ ಮೊದಲೇ ಅವಳು ಕಾಲು ಬಿಟ್ಟರೆ, ಗಾಳಿ ಮತ್ತೆ ಒಳಗೆ. ಮೊದಮೊದಲು ಜಗಳವಾಗುತ್ತಿತ್ತು, ಈಗ ಗುಳ್ಳೆ ನಿಂತಿತೆಂಬುದನ್ನು ಪಾದದ ಕೆಳಗಿನ ಬಿಗಿಯಿಂದಲೇ ನನಗಿಂತ ಮೊದಲು ಅವಳು ಹೇಳುತ್ತಾಳೆ. ಮಾಸ್ಟರ್ ಸಿಲಿಂಡರನ್ನು ಮಾತ್ರ ನಾನು ಬಿಚ್ಚುವುದಿಲ್ಲ. ಮತ್ತು ಏನೇ ಮಾಡಿದರೂ ಮೊದಲು ಹೊಲದ ದಾರಿಯಲ್ಲಿ, ಆಮೇಲೆ ಬರಿಗಾಡಿಯಲ್ಲಿ ತಾಳವಾಡಿಯವರೆಗೆ ಓಡಿಸಿ, ಆ ಹಿರಿಯರ ಕಣ್ಣಿಗೆ ಒಮ್ಮೆ ಬೀಳಿಸದೆ ದಿಂಬಂ ಇಳಿಯುವುದಿಲ್ಲ.

ಇಷ್ಟನ್ನು ಕಲಿಯಲು ನಾನು ಕನ್ನಡದಲ್ಲಿ ಪುಸ್ತಕ ಹುಡುಕಿದೆ. ಗಾಡಿಯೊಡನೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷ್, ಹಿಂದಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗನಿಗೆ ಡಬ್ಬಿ ಮೂಕ. ಹೀಗಿರಬೇಕಾಗಿರಲಿಲ್ಲ. 1025ರ ಸುಮಾರಿಗೆ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ ಬರೆದಾಗ, ಬಾವಿ ಎಲ್ಲಿ ತೋಡಬೇಕು, ಅಡಿಗೆ ಹೇಗೆ ಮಾಡಬೇಕು, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕೆಂಬುದನ್ನು ಹೇಳಲು ಅವನಿಗೆ ನಾಚಿಕೆಯಾಗಲಿಲ್ಲ. ಕೀರ್ತಿವರ್ಮ ‘ಗೋವೈದ್ಯ’ ಬರೆದ. ಮಂಗರಾಜ ವಿಷವೈದ್ಯವನ್ನು ‘ಖಗೇಂದ್ರಮಣಿದರ್ಪಣ’ವಾಗಿ ಪದ್ಯದಲ್ಲಿಯೇ ಬರೆದ. ಇವೆಲ್ಲವನ್ನೂ ನಾವು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ಕ್ಕೆ ಕುಳಿತಾಗ ಕಾದಂಬರಿಕಾರನಿಗೆ ಇದೇಕೆ ಎಂದು ಕೇಳಿದವರಿಗೆ ಈಗ ಯಾರೂ ಬೆಲೆ ಕೊಡುವುದಿಲ್ಲ. ಹೊರೆ ಎಳೆಯುವ ಎತ್ತಿನ ಹೊಟ್ಟೆಯುಬ್ಬರ ಅಂದು ಗ್ರಂಥಕ್ಕೆ ಯೋಗ್ಯವಾಗಿತ್ತು. ಇಂದು ಅದೇ ಹೊರೆ ಎಳೆಯುವ ಪಿಕಪ್ಪಿನ ರಬ್ಬರ್ ಊದಿದರೆ ಅದು ಸ್ಮರಣ ಸಂಚಿಕೆಗೆ ಅಯೋಗ್ಯವೆಂದು ತೀರ್ಮಾನಿಸಿದವರು ಯಾರು?

ಸಂಘದ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಸಣ್ಣದು. ಇಂಥ ಸಂಚಿಕೆಗಳಲ್ಲಿ ಶುಭಾಶಯದ ಜಾಹೀರಾತುಗಳಿಗೆ ಬಿಡುವ ಪುಟಗಳಲ್ಲಿ ಎಂಟನ್ನು ಮುಂದಿನ ವರ್ಷ ನನಗೆ ಕೊಡಲಿ. ಬ್ರೇಕ್ ದ್ರವದಿಂದ ಆರಂಭಿಸಿ ಹ್ಯಾಂಡ್ ಬ್ರೇಕಿನ ಕೇಬಲ್ಲಿನವರೆಗೆ ನಾನು ಬರೆದುಕೊಡುತ್ತೇನೆ. ಹಿರಿಯ ಮೆಕ್ಯಾನಿಕ್ಕರು ತಪ್ಪು ತಿದ್ದಿಕೊಡಲು ಒಪ್ಪಿದ್ದಾರೆ. ಆ ಎಂಟು ಪುಟಗಳನ್ನು ಬೇರೆಯಾಗಿಯೂ ಅಚ್ಚು ಹಾಕಿಸಿ ಹಾಸನೂರಿನ ಟೀ ಅಂಗಡಿಗಳಲ್ಲಿ, ನಮ್ಮ ಪ್ರೌಢಶಾಲೆಗಳಲ್ಲಿ ಇಡೋಣ. ಡ್ರಮ್ಮಿನ ಒಳಭಾಗದ ಚಿತ್ರ ಬರೆಯಲು ಮಾತ್ರ ನನಗೆ ಬಾರದು. ಅಕ್ಕನ ಮಗ ಚೆನ್ನಾಗಿ ಬರೆಯುತ್ತಾನೆ. ಕೇಳಿದ್ದೇನೆ, ಇನ್ನೂ ಉತ್ತರ ಕೊಟ್ಟಿಲ್ಲ.