ಸಮ್ಮೋಹನದ ಕುರ್ಚಿಯಲ್ಲಿ ಕೂರಬೇಕೆ?

ನಮ್ಮೂರ ಮಠದ ಶರಣ ಸಂಸ್ಕೃತಿ ಉತ್ಸವದ ಪೂರ್ವಭಾವಿ ಸಭೆಯಲ್ಲಿ ಈ ಸಲ ಒಂದು ಹೊಸ ಸೂಚನೆ ಬಂತು. ವಚನ ಗಾಯನ, ಉಪನ್ಯಾಸ, ನಾಟಕ ಎಲ್ಲ ಇದ್ದರೂ ಯುವಕರು ಬರುವುದಿಲ್ಲ, ಆದ್ದರಿಂದ ಎರಡನೆಯ ದಿನ ರಾತ್ರಿ ಒಂದು ಹಿಪ್ನಾಟಿಸಂ ಪ್ರದರ್ಶನ ಇಡೋಣ ಎಂದು ಯುವ ಘಟಕದವರು ಹೇಳಿದರು. ಹಿರಿಯರೊಬ್ಬರು ಕೂಡಲೇ ಎದ್ದು, "ಮಠದಾಗ ವಶೀಕರಣ ಮಾಡ್ಸೂದಂದ್ರ ಏನ್ರೀ?" ಎಂದರು. "ಅದು ವಶೀಕರಣ ಅಲ್ರೀ ಯಜಮಾನ್ರ, ವಿಜ್ಞಾನ" ಎಂದರು ಯುವಕರು. ಮಾತು ಬೆಳೆಯಿತು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಮನೆಗೆ ಬರುವಷ್ಟರಲ್ಲಿ ಪಿಯುಸಿ ಓದುವ ಮೊಮ್ಮಗಳಿಗೆ ಸುದ್ದಿ ಮುಟ್ಟಿತ್ತು. "ಅಜ್ಜಾ, ಯಾರರ ಬರ್ರಿ ಅಂತ ಕರದ್ರ ನಾ ಸ್ಟೇಜ್ ಮ್ಯಾಲ ಹೋಗ್ಲೇನು?" ಎಂದು ಕೇಳಿದಳು. ಬೇಡ ಎಂದು ಬಾಯಿ ಮುಚ್ಚಿಸುವುದು ಸುಲಭವಿತ್ತು. ಆದರೆ ಯಾಕೆ ಬೇಡ ಎಂದು ಕೇಳಿದರೆ ಕಾರಣ ಹೇಳಬೇಕಲ್ಲ. ಪ್ರಶ್ನೆ ಕೇಳಬೇಡ ಎನ್ನುವ ಧರ್ಮ ನಮ್ಮದಲ್ಲ. ನನಗೆ ಉತ್ತರ ತಡವಾಗಲು ಇನ್ನೊಂದು ಕಾರಣವೂ ಇತ್ತು. ಆ ಕುರ್ಚಿಯಲ್ಲಿ ಒಮ್ಮೆ ಕುಳಿತವನು ನಾನು.

ಅದು 1978. ಎಂಜಿನಿಯರಿಂಗ್ ಎರಡನೆಯ ವರ್ಷ, ಹಾಸ್ಟೆಲಿನ ವಾರ್ಷಿಕೋತ್ಸವ. ಬಂದಿದ್ದ ಪ್ರದರ್ಶಕ ಮೊದಲು ಸಭೆಗೆಲ್ಲ ಎರಡೂ ಕೈಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಳ್ಳಲು ಹೇಳಿದ. "ಈಗ ಬಿಡಿಸಲು ಆಗುವುದಿಲ್ಲ" ಎಂದ. ಬಿಡಿಸಲಾಗದವರನ್ನು ಮೇಲಕ್ಕೆ ಕರೆದ. ಹೀಗೆ ಹೋದವರಲ್ಲಿ ಕೆಲವರನ್ನು ವಾಪಸ್ ಕಳಿಸಿ ಹನ್ನೆರಡು ಮಂದಿಯನ್ನು ಉಳಿಸಿಕೊಂಡ. ನಾನೂ ಉಳಿದೆ. ಸೇಬು ಎಂದು ಹೇಳಿ ನನ್ನ ಕೈಗೆ ಉಳ್ಳಾಗಡ್ಡಿ ಕೊಟ್ಟ. ಕಚ್ಚಿ ತಿಂದು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, "ಭಾಳ ಸಿಹಿ ಐತ್ರಿ" ಎಂದೆ. ಅದು ಉಳ್ಳಾಗಡ್ಡಿ ಎಂದು ನನಗೆ ಗೊತ್ತಿತ್ತೆ? ಗೊತ್ತಿತ್ತು. ಹಾಗಂತ ಪೂರ್ತಿ ನಾಟಕವೂ ಆಗಿರಲಿಲ್ಲ. ಮೈ ಹಗುರಾಗಿತ್ತು, ಎದುರಾಡುವ ಮನಸ್ಸೇ ಬರುತ್ತಿರಲಿಲ್ಲ, ಎದುರಿಗೆ ನಾನೂರು ಹುಡುಗರು ಕುಳಿತಿದ್ದರು. ಆಟ ಕೆಡಿಸಿದವನು ಎನಿಸಿಕೊಳ್ಳಲು ಯಾರಿಗೆ ಬೇಕು?

ನನ್ನ ಪಕ್ಕದ ಕುರ್ಚಿಯಲ್ಲಿ ನನ್ನ ರೂಮಿನವನೇ ಇದ್ದ. ಹಳ್ಳಿಯ ಹುಡುಗ, ಮಾತು ಕಡಿಮೆ. ಅವನು ನನ್ನಂತಲ್ಲ, ನಿಜವಾಗಿಯೇ ಆಳಕ್ಕೆ ಇಳಿದಿದ್ದ. ಪ್ರದರ್ಶಕ ಅವನಿಗೆ, "ನೀನೀಗ ಐದು ವರ್ಷದ ಹುಡುಗ, ಸಂತೆಯಲ್ಲಿ ನಿನ್ನ ಅವ್ವ ಕಳೆದುಹೋಗಿದ್ದಾಳೆ, ಹುಡುಕು" ಎಂದ. ಅವನು ವೇದಿಕೆ ಇಳಿದು "ಅವ್ವಾ, ಅವ್ವಾ" ಎಂದು ಅಳುತ್ತ ಸಾಲುಸಾಲಿನ ನಡುವೆ ಓಡಾಡಿದ. ಸಭೆ ಬಿದ್ದು ಬಿದ್ದು ನಕ್ಕಿತು. ಅವನ ತಾಯಿ ತೀರಿಕೊಂಡು ಆಗ ಆರು ತಿಂಗಳೂ ಆಗಿರಲಿಲ್ಲ.

ಪ್ರದರ್ಶಕನಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಣ್ಣು ಮುಚ್ಚಿ ಕುಳಿತ ನನಗೆ ಆ ಕೂಗು ಸ್ಪಷ್ಟವಾಗಿ ಕೇಳುತ್ತಿತ್ತು. ಎದ್ದು "ಸಾಕು ನಿಲ್ಲಿಸ್ರಿ" ಎನ್ನಬಹುದಿತ್ತು. ಏಳಲಿಲ್ಲ. ಆಮೇಲೆ ಆ ವರ್ಷ ಪೂರ್ತಿ ಅವನು ಎಲ್ಲರೂ ಉಂಡು ಎದ್ದ ಮೇಲೆಯೇ ಮೆಸ್ಸಿಗೆ ಬರುತ್ತಿದ್ದ. ನಾನು ಎದ್ದು ನಿಲ್ಲದೇ ಹೋದದ್ದನ್ನು ಅವನ ಮುಂದೆ ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷಗಳಲ್ಲಿ ಧೈರ್ಯ ಬಂದಿಲ್ಲ.

ಸಭೆಯಲ್ಲಿ ಹಿರಿಯರು ಹೇಳಿದ ವಶೀಕರಣದ ಭಯಕ್ಕೆ ಮೊದಲು ಉತ್ತರ ಹೇಳುತ್ತೇನೆ. ಹದಿನೆಂಟನೆಯ ಶತಮಾನದಲ್ಲಿ ಮೆಸ್ಮರ್ ಎಂಬ ವೈದ್ಯ ತನ್ನಿಂದ ಒಂದು ಅದೃಶ್ಯ ಕಾಂತಶಕ್ತಿ ಹರಿದು ರೋಗ ವಾಸಿಯಾಗುತ್ತದೆ ಎಂದು ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ಅದರ ತನಿಖೆಗೆ ಸಮಿತಿ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವೋಸಿಯೆ ಅದರಲ್ಲಿದ್ದರು. ಅವರು ತೋಟದ ಒಂದು ಮರಕ್ಕೆ ಮಾತ್ರ ಆ ಶಕ್ತಿ 'ತುಂಬಿಸಿ', ಹನ್ನೆರಡು ವರ್ಷದ ಹುಡುಗನ ಕಣ್ಣು ಕಟ್ಟಿ ಮರದಿಂದ ಮರಕ್ಕೆ ಕರೆದೊಯ್ದರು. ಹುಡುಗ ಮೂರ್ಛೆ ಬಿದ್ದ. ಆದರೆ ಬಿದ್ದದ್ದು ಶಕ್ತಿ ತುಂಬದ ಮರದ ಬಳಿ. ಶಕ್ತಿ ಮರದಲ್ಲಿರಲಿಲ್ಲ, ಹುಡುಗನ ನಂಬಿಕೆಯಲ್ಲಿತ್ತು.

ಇದೇ ಮಾತನ್ನು ಮುಂದೆ ಪ್ಯಾರಿಸ್ಸಿನಲ್ಲಿ ಗಟ್ಟಿಯಾಗಿ ಹೇಳಿದವನು ನಮ್ಮ ನೆರೆಯ ಗೋವೆಯವನು. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿದ ಪಾದ್ರಿ ಅಬೆ ಫರಿಯಾ. ಸಮ್ಮೋಹನ ಮಾಡುವವನಲ್ಲಿ ಯಾವ ಶಕ್ತಿಯೂ ಇಲ್ಲ, ಒಳಗಾಗುವವನ ಮನಸ್ಸಿನಲ್ಲೇ ಎಲ್ಲವೂ ನಡೆಯುತ್ತದೆ ಎಂಬುದು ಅವನ ವಾದ. ಪಣಜಿಯಲ್ಲಿ ಮಹಿಳೆಯೊಬ್ಬಳ ಮೇಲೆ ಎರಡೂ ಕೈ ಚಾಚಿ ನಿಂತ ಪ್ರತಿಮೆಯನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದು ಅವನದೇ. ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದ ಜೇಮ್ಸ್ ಬ್ರೇಡ್ ಎಂಬ ಶಸ್ತ್ರವೈದ್ಯನೂ 1841ರಲ್ಲಿ ಇಂಗ್ಲೆಂಡಿನಲ್ಲಿ ಇಂಥದೇ ಒಂದು ವೇದಿಕೆ ಪ್ರದರ್ಶನ ನೋಡಿ, ಇದರಲ್ಲಿ ನಿಜವೆಷ್ಟು ಎಂದು ಪರೀಕ್ಷೆಗೆ ಇಳಿದವನು. ನಮ್ಮ ಕಾಲದಲ್ಲಿ ವಿಚಾರವಾದಿ ಅಬ್ರಹಾಂ ಕೋವೂರರು ದೆವ್ವ ಬಡಿದಿದೆ ಎನ್ನುವವರ ಮನಸ್ಸನ್ನು ತಿಳಿಗೊಳಿಸಲು ಇದನ್ನೇ ಬಳಸಿದರು. ಆದ್ದರಿಂದ ಮಾಟ, ಮಂತ್ರ, ವಶೀಕರಣ ಎಂದು ಹೆದರಬೇಕಾಗಿಲ್ಲ. ಹೆದರಿದರೆ ನಾವೇ ಮೌಢ್ಯಕ್ಕೆ ನೀರೆರೆದಂತೆ.

ಹಾಗಾದರೆ ಯುವಕರು ಹೇಳಿದಂತೆ ಇದು ಬರೀ ವಿಜ್ಞಾನವೆ? ಅಲ್ಲಿಯೂ ತಡೆಯಬೇಕು. 1965ರಲ್ಲಿ ಓರ್ನ್ ಮತ್ತು ಇವಾನ್ಸ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಸಮ್ಮೋಹನಕ್ಕೆ ಒಳಗಾದವರಿಗೆ ಆಮ್ಲದಲ್ಲಿ ಕೈಯಾಡಿಸಲು, ಆಮ್ಲವನ್ನು ಎದುರಿನವರ ಮುಖಕ್ಕೆ ಎರಚಲು ಹೇಳಿದರು. ಅಪಾಯವಾಗದಂತೆ ಗುಟ್ಟಾಗಿ ಏರ್ಪಾಡು ಮಾಡಿದ್ದರು. ಬಹುತೇಕರು ಹೇಳಿದ್ದನ್ನು ಮಾಡಿದರು. ಆದರೆ ಸಮ್ಮೋಹನವಿಲ್ಲದೆ, ಒಳಗಾದಂತೆ ನಟಿಸಲು ಹೇಳಿದ್ದವರೂ ಅದನ್ನೇ ಮಾಡಿದರು! ಕೇಳಿದರೆ, ದೊಡ್ಡವರು ಹೇಳುತ್ತಿದ್ದಾರೆ, ಅಪಾಯವಾಗಲು ಬಿಡುವುದಿಲ್ಲ ಎಂಬ ನಂಬಿಕೆ. ಅಂದರೆ ಮನುಷ್ಯನಿಂದ ಆಗಬಾರದ್ದನ್ನು ಮಾಡಿಸಲು ನಿದ್ದೆ ಬರಿಸಬೇಕಾಗಿಯೇ ಇಲ್ಲ. ಒಂದು ವೇದಿಕೆ, ಒಬ್ಬ ದೊಡ್ಡವನು, ಒಂದು ಆಜ್ಞೆ ಸಾಕು. ಸೇವೆಯಲ್ಲಿದ್ದಾಗ ಮೇಲಿನವರು ಹೇಳಿದರೆಂದು ಓದದೆಯೇ ಸಹಿ ಹಾಕಿದ ಕಡತಗಳು ನನಗೆ ಇಲ್ಲಿ ನೆನಪಾಗುತ್ತವೆ. ಆಗ ನನ್ನನ್ನು ಯಾರೂ ಸಮ್ಮೋಹನಗೊಳಿಸಿರಲಿಲ್ಲ.

ಇನ್ನು ದೇಹದ ಅಪಾಯ. ಇಂಥ ಪ್ರದರ್ಶನಗಳಲ್ಲಿ ಒಬ್ಬನನ್ನು ಎರಡು ಕುರ್ಚಿಗಳ ನಡುವೆ ಹಲಗೆಯಂತೆ ಮಲಗಿಸಿ ಅವನ ಮೇಲೆ ಮತ್ತೊಬ್ಬ ನಿಲ್ಲುವುದುಂಟು. ನಮ್ಮ ಲೆಕ್ಕದಲ್ಲಿ ಅದು ಎರಡು ಆಧಾರಗಳ ಮೇಲಿನ ತೊಲೆ. ಆಧಾರಗಳನ್ನು ಭುಜದ ಕೆಳಗೂ ಮೀನಖಂಡದ ಕೆಳಗೂ ಸರಿಸಿದರೆ ಅಂತರ ಕಡಿಮೆಯಾಗಿ, ಗಟ್ಟಿಮುಟ್ಟಾದ ಯುವಕ ಯಾವ ಸಮ್ಮೋಹನವೂ ಇಲ್ಲದೆ ಸ್ವಲ್ಪ ಹೊತ್ತು ಮೈ ಬಿಗಿಹಿಡಿದು ಇರಬಲ್ಲ. ಆದರೆ ನಟ್ಟನಡುವೆ ಭಾರ ಬಿದ್ದರೆ ಅತಿ ಹೆಚ್ಚು ಬಾಗುವುದು ಅದೇ ಜಾಗ. ಅಲ್ಲಿರುವುದು ಬೆನ್ನೆಲುಬು. ಸೇತುವೆಗೆ ಭಾರ ಪರೀಕ್ಷೆ ಮಾಡುವಾಗಲೂ ನಾವು ಮೊದಲು ಲೆಕ್ಕ ಹಾಕಿ, ಆಮೇಲೆ ಎಷ್ಟು ಬಾಗಿತು ಎಂದು ಅಳೆಯುತ್ತೇವೆ. ಹುಡುಗನ ಬೆನ್ನಿಗೆ ಯಾರು ಲೆಕ್ಕ ಹಾಕಿದ್ದಾರೆ? ಬ್ರಿಟನ್ನಿನಲ್ಲಿ ಇಂಥ ಪ್ರದರ್ಶನಗಳಿಗೆಂದೇ 1952ರ ಕಾಯ್ದೆಯಿದೆ. 18 ವರ್ಷದೊಳಗಿನವರನ್ನು ಅಲ್ಲಿ ವೇದಿಕೆಯ ಮೇಲೆ ಸಮ್ಮೋಹನಕ್ಕೆ ಒಳಪಡಿಸುವಂತಿಲ್ಲ.

ಸಭೆಯಲ್ಲಿ ಒಬ್ಬ ಯುವಕ ಒಳ್ಳೆಯ ಪ್ರಶ್ನೆ ಕೇಳಿದ. "ನಾವೂ ಇಷ್ಟಲಿಂಗವನ್ನು ಎವೆಯಿಕ್ಕದೆ ನೋಡುತ್ತೇವಲ್ಲ, ಅದೂ ಒಂದು ಸಮ್ಮೋಹನವೇ ಅಲ್ಲವೆ?" ಬ್ರೇಡ್ ಕೂಡ ಹೊಳೆಯುವ ವಸ್ತುವಿನ ಮೇಲೆ ದೃಷ್ಟಿ ನೆಡಿಸಿಯೇ ಪ್ರಯೋಗ ಮಾಡಿದ್ದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮನಸ್ಸು ಒಂದೆಡೆ ನಿಲ್ಲುವುದು ಎರಡರಲ್ಲೂ ಇದೆ. ಆದರೆ ಬಸವಣ್ಣನವರು ಲಿಂಗವನ್ನು ನಮ್ಮ ನಮ್ಮ ಅಂಗೈಗೇ ಕೊಟ್ಟರು. ನೋಡುವ ಕಣ್ಣು ನನ್ನದು, ಹಿಡಿದ ಕೈ ನನ್ನದು. ನಡುವೆ ನಿಂತು "ಅಳು, ನಗು, ಕುಣಿ" ಎನ್ನುವವರು ಯಾರೂ ಇಲ್ಲ. ಪೂಜೆ ಮುಗಿದಾಗ ಅರಿವು ಹೆಚ್ಚಬೇಕು, ಇನ್ನೊಬ್ಬರ ಕೈಗೆ ಹೋಗಬಾರದು. ಪೂಜ್ಯರು ಮನ್ನಿಸಬೇಕು, ಈ ಅಳತೆಗೋಲನ್ನು ನಮ್ಮ ಮಠಗಳ ವೇದಿಕೆಗೂ ಹಿಡಿಯಬೇಕಾಗುತ್ತದೆ. ಕೈ ಎತ್ತಿ ಎಂದಾಗ ವಿಷಯ ಕೇಳದೆ ಕೈ ಎತ್ತುವ ಭಕ್ತರಿಂದ ಬಸವತತ್ವ ಬೆಳೆಯುವುದಿಲ್ಲ.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು. "ಈಗ ಬ್ಯಾಡ. ಹದಿನೆಂಟು ತುಂಬಿದ ಮ್ಯಾಲ ನಿನ್ನ ಮನಸ್ಸು. ಆದ್ರ ಕೂಡೂಕ್ಕಿಂತ ಮದಲ ಒಂದು ಮಾತು ಕೇಳ್ಕೋ. ನಾನೂರು ಮಂದಿ ನಗಾಕತ್ತಿರಬೇಕಾದ್ರ, ಒಲ್ಲೆ ಅಂತ ಎದ್ದು ಬರಾಕ ನನಗ ಆಗತೈತೇನು? ಬಾಜೂಕ ಕುಂತವರಿಗೆ ನೋವಾದ್ರ ಅವರ ಸಲುವಾಗಿ ಏಳಾಕ ಆಗತೈತೇನು? ಹೌದಂದ್ರ ಹೋಗು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಎದ್ದಿದ್ದೇನಜ್ಜಾ?" ಎಂದಳು. ಇಲ್ಲ ಎಂದೆ.

ಮುಂದಿನ ಸಭೆಗೆ ನನ್ನ ಸಲಹೆಯನ್ನೂ ಬರೆದು ಕೊಟ್ಟಿದ್ದೇನೆ. ಪ್ರದರ್ಶನ ಬೇಡವೇ ಬೇಡ ಎಂದು ನಾನು ಹೇಳಿಲ್ಲ. ಮಕ್ಕಳನ್ನು ವೇದಿಕೆಗೆ ಹತ್ತಿಸಬಾರದು. ದೇಹದ ಮೇಲೆ ಭಾರ ಹೊರಿಸುವ ಆಟ, ಹಳೆಯ ನೋವು ಕೆದಕುವ ಆಟ, ಮಾನ ಕಳೆಯುವ ಆಟ ಇರಬಾರದು. ಯಾರು ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂದು ಮೊದಲೇ ಸಾರಬೇಕು. ಕೊನೆಯಲ್ಲಿ, ತನ್ನಲ್ಲಿ ಯಾವ ಶಕ್ತಿಯೂ ಇಲ್ಲ, ಇದು ಹೇಗೆ ನಡೆಯುತ್ತದೆ ಎಂದು ಪ್ರದರ್ಶಕನೇ ಜನರಿಗೆ ಬಿಡಿಸಿ ಹೇಳಬೇಕು. ಇವಕ್ಕೆ ಒಪ್ಪುವವರು ಸಿಕ್ಕರೆ ಕರೆಯೋಣ, ಮೊದಲ ಸಾಲಿನಲ್ಲಿ ನಾನೇ ಕೂರುತ್ತೇನೆ. ಒಪ್ಪದಿದ್ದರೆ ಆ ರಾತ್ರಿ ಒಂದು ನಾಟಕ ಹೆಚ್ಚಾಗಲಿ.