ಜ್ವರ ಇಲ್ಲ ಅಂದ ತಕ್ಷಣ ನಂಬಿಬಿಡಬೇಡಿ

(1/6)
ಫ್ರೆಂಡ್ಸ್, ಎರಡೇ ದಿನದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಬ್ಯಾಚ್ ನಮ್ದು. 2021ರ ಜುಲೈ. ಮಾಸ್ಕು, ಓಎಂಆರ್ ಶೀಟು, ಗೇಟಲ್ಲಿ ಹಣೆಗೆ ಹಿಡೀತಿದ್ದ ಆ ಥರ್ಮಾಮೀಟರ್ ಗನ್ನು. ನೆನಪಿದೆ ಅಲ್ವಾ?

ಅದಕ್ಕೆ ಎರಡು ತಿಂಗಳು ಮುಂಚೆ, ತಿಪಟೂರು ಹತ್ರ ಇರೋ ನಮ್ಮೂರಲ್ಲಿ ಅಜ್ಜಿಗೆ ಹುಷಾರು ತಪ್ಪಿತು. ಜ್ವರ ಇಲ್ಲ, ಕೆಮ್ಮಿಲ್ಲ. ಮೂರು ದಿನ ಭೇದಿ, ಊಟ ಸೇರ್ತಿರಲಿಲ್ಲ. ನಾಲ್ಕನೇ ದಿನ ಅಮ್ಮನ್ನ ನೋಡಿ, ಯಾವತ್ತೋ ತೀರಿಕೊಂಡ ತಮ್ಮ ತಂಗಿಯ ಹೆಸರು ಹಿಡಿದು ಕರೆದ್ರು. ಕ್ಲಿನಿಕ್ಕಿಗೆ ಹೋದ್ವಿ. ಅಲ್ಲೂ ಅದೇ ಗನ್ನು. "ಜ್ವರ ಇಲ್ವಲ್ಲ, ಇದು ಕೊರೊನಾ ಅಲ್ಲ, ಗ್ಯಾಸ್ಟ್ರಿಕ್ಕು" ಅಂದ್ರು. ನಾವೂ ನೆಮ್ಮದಿಯಾಗಿ ವಾಪಸ್ ಬಂದ್ವಿ. ಎರಡು ದಿನ ಕಳೆದು ಪಕ್ಕದ ಮನೆಯವರ ಆಕ್ಸಿಮೀಟರಿಗೆ ಅಜ್ಜಿ ಬೆರಳಿಟ್ರೆ, 86.

ಅಜ್ಜಿ ಉಳಿದ್ರು. ಆವತ್ತು ಬೆಡ್ ಸಿಕ್ಕಿದ್ದು ನಮ್ಮ ಅದೃಷ್ಟ. ಆದ್ರೆ ಇದು ಅದೃಷ್ಟಕ್ಕೆ ಬಿಡೋ ವಿಷಯ ಅಲ್ಲ. ಅದನ್ನ ಹೇಳೋಕೇ ಈ ಸೀರೀಸ್.

(2/6)
ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನ ಒಂದು ಮಾತು ತಗೊಳ್ಳಿ. ಅರ್ಧ ಕ್ಲಾಸಿಗೆ 90 ಮಾರ್ಕ್ಸ್, ಉಳಿದರ್ಧಕ್ಕೆ 10. ಸರಾಸರಿ 50. ಆದ್ರೆ 50 ತಗೊಂಡವರು ಒಬ್ರೂ ಇಲ್ಲ! ಸರಾಸರಿ ಸುಳ್ಳು ಹೇಳ್ಲಿಲ್ಲ, ಒಳಗೆ ಎರಡು ಗುಂಪು ಇರೋದನ್ನ ಮುಚ್ಚಿಡ್ತು ಅಷ್ಟೇ.

"ಜ್ವರ, ಕೆಮ್ಮು, ಉಸಿರಾಟದ ತೊಂದರೆ" ಅಂತ ಗೋಡೆ ಗೋಡೆಗೂ ಅಂಟಿಸಿದ್ದ ಪಟ್ಟಿಯೂ ಹಾಗೇ. ಜಾಸ್ತಿ ಜನಕ್ಕೆ ಬಂದ ಲಕ್ಷಣ ಅದರಲ್ಲಿತ್ತು. ನಮ್ಮಜ್ಜಿ ಅದರಲ್ಲಿ ಇರಲಿಲ್ಲ.

(3/6)
ಈಗ ಅಸಲಿ ವಿಷಯ. 2020ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಒಂದು ಆ್ಯಪಿನ ಡೇಟಾ ತಗೊಂಡ್ರು. ಜನ ದಿನಾ ತಮಗೇನಾಗ್ತಿದೆ ಅಂತ ಅದರಲ್ಲಿ ಗುರುತು ಹಾಕ್ತಿದ್ರು. ಹಾಗೆ ಬರೆದವರಲ್ಲಿ ಕೊರೊನಾ ಖಚಿತವಾಗಿದ್ದ ಸುಮಾರು 1,600 ಜನರನ್ನ ಆರಿಸಿ, ಯಾರಿಗೆ ಯಾವ ದಿನ ಯಾವ ಲಕ್ಷಣ ಅಂತ ಹೋಲಿಸಿ ನೋಡಿದ್ರು. "ಇಷ್ಟು ಗುಂಪು ಇವೆ" ಅಂತ ಮೊದಲೇ ತೀರ್ಮಾನ ಮಾಡಿರಲಿಲ್ಲ. ಒಂದೇ ಥರ ಇದ್ದವರನ್ನ ಲೆಕ್ಕವೇ ಹತ್ರ ಹತ್ರ ಕೂರಿಸ್ತು. ಇದಕ್ಕೆ ಕ್ಲಸ್ಟರಿಂಗ್ ಅಂತಾರೆ. ಮಾರ್ಕೆಟಿಂಗಲ್ಲಿ ಗ್ರಾಹಕರನ್ನ ಗುಂಪು ಮಾಡೋಕೆ ಬಳಸೋದೂ ಇದನ್ನೇ.

ಆರು ಗುಂಪು ಬಂತು:
▪️ 1: ಫ್ಲೂ ಥರ, ಆದ್ರೆ ಜ್ವರ ಇಲ್ಲ
▪️ 2: ಫ್ಲೂ ಥರ, ಜ್ವರ ಇದೆ
▪️ 3: ಹೊಟ್ಟೆಯದ್ದು. ಭೇದಿ, ಹಸಿವಿಲ್ಲ, ಕೆಮ್ಮೂ ಇಲ್ಲ
▪️ 4: ವಿಪರೀತ ಸುಸ್ತು
▪️ 5: ಸುಸ್ತಿನ ಜೊತೆ ಗಲಿಬಿಲಿ, ಮಾತು ಅತ್ತಿತ್ತ
▪️ 6: ಹೊಟ್ಟೆನೋವು, ಭೇದಿ, ಉಸಿರಾಟದ ಕಷ್ಟ, ಗಲಿಬಿಲಿ ಎಲ್ಲಾ ಒಟ್ಟಿಗೆ

ತಲೆನೋವು, ವಾಸನೆ ಹೋಗೋದು ಎಲ್ಲಾ ಗುಂಪಲ್ಲೂ ಇತ್ತು. ಇಷ್ಟೂ ಒಂದೇ ಕಾಯಿಲೆ!

(4/6)
ಗುಂಪು ಮಾಡಿ ಏನು ಉಪಯೋಗ ಅಂತೀರಾ? ಉಸಿರಾಟಕ್ಕೆ ಆಕ್ಸಿಜನ್ನೋ ವೆಂಟಿಲೇಟರ್ರೋ ಬೇಕಾದವರು 1ನೇ ಗುಂಪಲ್ಲಿ 1.5%, 4ರಲ್ಲಿ 8.6%, 5ರಲ್ಲಿ 9.9%, 6ರಲ್ಲಿ 19.8%. ಆಸ್ಪತ್ರೆಗೆ ಹೋದವರು 1ರಲ್ಲಿ 16%, 6ರಲ್ಲಿ ಹತ್ತಿರ ಹತ್ತಿರ ಅರ್ಧ.

ಅಂಥವರು ಆಸ್ಪತ್ರೆ ಸೇರ್ತಿದ್ದುದು ಸುಮಾರು 13ನೇ ದಿನ. ಆದ್ರೆ ಮೊದಲ ಐದು ದಿನದ ಲಕ್ಷಣ, ಜೊತೆಗೆ ವಯಸ್ಸು, ಮುಂಚೆ ಇದ್ದ ಕಾಯಿಲೆ ನೋಡಿದ್ರೆ ಯಾರ ಮೇಲೆ ಹೆಚ್ಚು ನಿಗಾ ಬೇಕು ಅಂತ ಅಂದಾಜು ಸಿಗ್ತಿತ್ತು. ಅಂದ್ರೆ ಎಂಟು ದಿನ ಮುಂಚೆ. ಎಂಟು ದಿನದಲ್ಲಿ ಒಂದು ಆಕ್ಸಿಮೀಟರ್ ತರಬಹುದು, ಬೆಡ್ ಹುಡುಕಬಹುದು. ನಮಗೆ ಸಿಕ್ಕಿದ್ದು ಒಂದು ಸಂಜೆ.

(5/6)
"ಹಾಗಾದ್ರೆ ಲೆಕ್ಕ ಹೇಳಿದ್ದೇ ಸತ್ಯಾನಾ?" ಅಂತ ಕೇಳ್ಬಹುದು. ಇಲ್ಲ, ಇಲ್ಲೂ ಹುಷಾರಾಗಿರಿ.

ಒಂದು, 19.8% ಅಂದ್ರೆ ನೂರಕ್ಕೆ ಎಂಬತ್ತು ಜನಕ್ಕೆ ಆ ನೆರವು ಬೇಕಾಗಲಿಲ್ಲ ಅಂತಾನೂ ಅರ್ಥ. ಗುಂಪು ಅನ್ನೋದು ಜಾತಕ ಅಲ್ಲ.
ಎರಡು, ಇವು 2020ರ ಮೊದಲ ತಿಂಗಳುಗಳ ಗುಂಪುಗಳು. ಆಮೇಲೆ ವೈರಸ್ಸೂ ಬದಲಾಯ್ತು, ಲಸಿಕೆಯೂ ಬಂತು. ಓಮಿಕ್ರಾನಲ್ಲಿ ವಾಸನೆ ಹೋಗೋದು ಕಮ್ಮಿಯಾಗಿ ಗಂಟಲುನೋವು ಜಾಸ್ತಿಯಾಯ್ತು. ಹಳೇ ಗುಂಪನ್ನ ಹಿಡ್ಕೊಂಡು ಕೂತ್ರೆ ಅದೂ ಇನ್ನೊಂದು ಗೋಡೆ ಪಟ್ಟಿ ಅಷ್ಟೇ.
ಮೂರು, ನನಗೆ ಜಾಸ್ತಿ ಕಾಡೋದು ಇದು. ಆ್ಯಪಲ್ಲಿ ದಿನಾ ಬರೆಯೋರು ಯಾರು? ಸ್ಮಾರ್ಟ್‌ಫೋನ್ ಇರೋರು, ಬರೆಯೋಕೆ ತ್ರಾಣ ಇರೋರು. ನಮ್ಮಜ್ಜಿ ಹತ್ರ ಇದ್ದಿದ್ದು ಬಟನ್ ಫೋನು, ಅದರಲ್ಲೂ ಹಸಿರು ಗುಂಡಿ ಒಂದೇ ಗೊತ್ತು. ಲೆಕ್ಕಕ್ಕೆ ಬರದವರ ಲಕ್ಷಣ ಯಾವ ಗುಂಪಿಗೂ ಬರಲ್ಲ.

(6/6)
ಇದೆಲ್ಲ ಡಾಕ್ಟರ್‌ಗಳ ಕೆಲಸ, ಬಿಕಾಂನವರಿಗ್ಯಾಕೆ ಅಂತೀರಾ? ನಾನು ಒಪ್ಪಲ್ಲ. ಯಾರಿಗೆ ಏನು ಕಾಯಿಲೆ ಅಂತ ಹೇಳೋದು ಡಾಕ್ಟರ್ರೇ, ನಾವಲ್ಲ. ಆದ್ರೆ "ಈ ಪಟ್ಟಿ ಯಾರನ್ನ ನೋಡಿ ಮಾಡಿದ್ದು? ಯಾರು ಬಿಟ್ಟುಹೋಗಿದ್ದಾರೆ?" ಅಂತ ಕೇಳೋದು ನಮ್ಮ ಸಬ್ಜೆಕ್ಟೇ. ಅದನ್ನ ಐದು ಮಾರ್ಕ್ಸಿನ ಪ್ರಶ್ನೆ ಅಂತ ಉರು ಹೊಡೆದು ಮರೀತಿದ್ದೀವಿ.

ಆವತ್ತು ಕ್ಲಿನಿಕ್ಕಲ್ಲಿ "ಜ್ವರ ಇಲ್ಲ ಸರ್, ಆದ್ರೆ ನಾಲ್ಕು ದಿನದಿಂದ ಊಟ ಇಲ್ಲ, ಜನರ ಗುರುತು ತಪ್ತಿದೆ, ಟೆಸ್ಟ್ ಮಾಡ್ತೀರಾ?" ಅಂತ ಒಂದೇ ಒಂದು ಸಲ ಕೇಳಿದ್ದಿದ್ರೆ ಸಾಕಿತ್ತು. ನಾನು ಕೇಳ್ಲಿಲ್ಲ. ಹದಿನಾರು ವರ್ಷ, ಗೊತ್ತಿರಲಿಲ್ಲ. ಈಗ ಗೊತ್ತು. ನಿಮಗೂ ಗೊತ್ತಾಯ್ತು.

ಮನೇಲಿ ವಯಸ್ಸಾದವರು ಹುಷಾರು ತಪ್ಪಿದ್ರೆ ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ತಾರೀಕು, ಊಟ, ಭೇದಿ, ಮಾತು, ಉಸಿರು, ದಿನಾ ಒಂದು ಸಾಲು. ಡಾಕ್ಟರ್ ಮುಂದೆ ಅದನ್ನ ಇಡಿ. ಅವರ ಆ್ಯಪ್ ನೀವೇ ಆಗಿ.

ನಿಮ್ಮನೇಲೂ ಪಟ್ಟಿಯಲ್ಲಿಲ್ಲದ ಲಕ್ಷಣ ಯಾರಿಗಾದ್ರೂ ಬಂದಿತ್ತಾ? ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ. 🙏

#ಕನ್ನಡಕ್ಯಾಪ್ಶನ್ #ಬಿಕಾಂಹುಡುಗರು #ಲೆಕ್ಕದಮಾತು #ಅಜ್ಜಿ